ಎಡಗೈ ಕೇಳಿದ್ದು

ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಲಿಂಗ ಮೈಮೇಲಿಲ್ಲದೆ ಒಂದು ಗುಟುಕು ನೀರನ್ನೂ ಗಂಟಲಿಗೆ ಇಳಿಸಿದವರಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮದುವೆಯಾಗಿ ಆ ಮನೆಗೆ ಬಂದ ಮಾರನೇ ಬೆಳಿಗ್ಗೆಯೇ ಗೊತ್ತಾಗಿತ್ತು. ಹೊಸ ಸೊಸೆಯ ಹುರುಪಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು, ಕಾಫಿ ಮಾಡಿ, ಲೋಟ ಹಿಡಿದು ಹೋಗಿ ನಿಂತರೆ ಅವರು ಆಗಲೇ ಸ್ನಾನ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು ಕೂತಿದ್ದರು. ಕಾಫಿ ಆರಿತು, ಕೆನೆ ಕಟ್ಟಿತು. ಅವರು ಕಣ್ಣು ತೆರೆಯಲಿಲ್ಲ. ನಾನೇ ಆ ಕಾಫಿ ಕುಡಿದೆ.

ನಾನೂ ಅದೇ ಮತದವಳೇ. ನನಗೂ ಚಿಕ್ಕಂದಿನಲ್ಲಿ ಮಠದಲ್ಲಿ ದೀಕ್ಷೆ ಮಾಡಿಸಿ ಲಿಂಗ ಕಟ್ಟಿಸಿದ್ದರು. ಕಾಲೇಜಿಗೆ ಹೋಗುವ ಹೊತ್ತಿಗೆ ಅದು ಕೊರಳಿನಿಂದ ಇಳಿದು ದೇವರಗೂಡು ಸೇರಿತು. ಮದುವೆಯಾದಾಗ ನನ್ನ ಸೀರೆಗಳ ಜೊತೆ ಬಂದು ಅತ್ತೆಯ ಮನೆಯ ದೇವರಗೂಡಿನಲ್ಲಿ ಕೂತಿತು. ಅತ್ತೆ ಅದರ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಮ್ಮ ಪೂಜೆಯಾದ ಮೇಲೆ ಅದಕ್ಕೂ ದಿನಾ ಒಂದು ಹೂವಿಡುತ್ತಿದ್ದರು, ಅಷ್ಟೆ.

ಒಮ್ಮೆ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಾಗ ಅವರ ಕರಡಿಗೆಯ ಶಿವದಾರ ಕಿತ್ತುಹೋಯಿತು. ಬಡಿಸಿದ ಎಲೆ ಬಿಟ್ಟು ಎದ್ದೇಬಿಟ್ಟರು. ಹೊಸ ದಾರ ಹುಡುಕಿ, ಪೋಣಿಸಿ, ಕೊರಳಿಗೆ ಹಾಕಿಕೊಂಡು ಬರುವಷ್ಟರಲ್ಲಿ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ‘ಒಂದು ದಾರಕ್ಕೋಸ್ಕರ ಹೋಳಿಗೆ ಕಳ್ಕೊಂಡ್ರಲ್ಲ ಅತ್ತೆ’ ಅಂತ ನಾನು ಛೇಡಿಸಿದ್ದೆ. ‘ಹೋಳಿಗೆ ಇನ್ನೊಂದು ಮದುವೇಲಿ ಸಿಕ್ತದೆ ಕಣಮ್ಮ’ ಅಂದು ನಕ್ಕಿದ್ದರು. ಇಷ್ಟೆಲ್ಲ ಕಣ್ಣಾರೆ ನೋಡಿದವಳು ನಾನು.

ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳು ಅದಕ್ಕೆ ಒಗ್ಗಿಕೊಂಡಿದ್ದಾರೆ. ಬೈದ ಮರುಗಳಿಗೆ ನಗುತ್ತೇನೆಂದು ಅವರಿಗೆ ಗೊತ್ತು. ಮನೆಯಲ್ಲಿ ಹಾಗಲ್ಲ. ಅತ್ತೆ ತಿರುಗಿ ಬೈಯುವ ಜಾತಿಯಲ್ಲ. ಅವರ ಕೋಪವೆಲ್ಲ ಮೌನದಲ್ಲಿ. ಬೈದರೆ ಬೈಸಿಕೊಂಡು ಮುಗಿಸಬಹುದು, ಮೌನವನ್ನು ಏನು ಮಾಡುವುದು? ನನಗೆ ಅದೇ ಮೈ ಉರಿಸುತ್ತಿತ್ತು.

ಆ ವಾರ ನಮ್ಮಿಬ್ಬರ ನಡುವೆ ಅಂಥದೊಂದು ಮೌನ ನಡೆದಿತ್ತು. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆಯೋ ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಸ್ನಾನ ತಡವಾಯಿತು, ಪೂಜೆಯೂ ತಡವಾಯಿತು. ನನಗೆ ಶಾಲೆಗೆ ಹೊತ್ತಾಗುತ್ತಿತ್ತು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದು ನಿಂತು ನಿಂತು ಸಾಕಾಗಿ, ‘ನಾಳೆ ನೀವು ಬಿದ್ರೆ ಎತ್ತೋಕೆ ನಿಮ್ಮ ಶಿವ ಬರಲ್ಲ ಅತ್ತೆ, ನಾನೇ ಬರ್ಬೇಕು’ ಅಂದೆ. ಅವರು ಕಣ್ಣು ತೆರೆದು ನನ್ನನ್ನೊಮ್ಮೆ ನೋಡಿ ಮತ್ತೆ ಮುಚ್ಚಿಕೊಂಡರು. ಮಾರನೇ ದಿನದಿಂದ ತಮ್ಮ ಕಾಫಿ ತಾವೇ ಮಾಡಿಕೊಳ್ಳತೊಡಗಿದರು. ನಾನು ಲೋಟ ಕೊಟ್ಟರೆ, ‘ನಿಂಗ್ಯಾಕಮ್ಮ ತೊಂದ್ರೆ, ನಾನು ಮಾಡ್ಕೋತೀನಿ ಬುಡು’ ಅನ್ನುತ್ತಿದ್ದರು. ಊಟವನ್ನೂ ತಾವೇ ಬಡಿಸಿಕೊಳ್ಳುತ್ತಿದ್ದರು. ನನ್ನ ಕೈಯಿಂದ ಏನೂ ಬೇಡ ಅನ್ನುವುದು ಸ್ಪಷ್ಟವಾಗಿತ್ತು. ಇರಲಿ ಬಿಡಿ, ನನಗೂ ಒಂದು ಕೆಲಸ ಕಡಿಮೆಯಾಯಿತು ಅಂದುಕೊಂಡು ನಾನೂ ಬೀಗಿಕೊಂಡೇ ಓಡಾಡಿದೆ.

ಅವರೆಕಾಯಿಯ ಕಾಲ. ಆ ಮೌನಕ್ಕೆ ಒಂದು ವಾರವಾದ ದಿನ ನನ್ನ ಗಂಡ ಕಡಕೊಳದ ಕಾರ್ಖಾನೆಗೆ ರಾತ್ರಿ ಪಾಳಿಗೆ ಹೋಗಿದ್ದರು. ಹೂಟಗಳ್ಳಿಯ ನಮ್ಮ ಮನೆಯಲ್ಲಿ ನಾವಿಬ್ಬರೇ. ಅತ್ತೆ ಟಿ.ವಿ. ಮುಂದೆ ಕೂತು ಕಾಯಿ ಸುಲಿಯುತ್ತಿದ್ದರು. ನಾನು ಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. ತಲೆಯೆತ್ತಿ ನೋಡಿದರೆ ಕಾಳುಗಳು ತಟ್ಟೆಗೆ ಬೀಳುವ ಬದಲು ನೆಲದ ತುಂಬ ಚೆಲ್ಲಾಡಿದ್ದವು. ‘ಅತ್ತೆ, ಕಾಳೆಲ್ಲ ಕೆಳಗೆ ಬೀಳ್ತಿದೆ’ ಅಂದೆ. ಅವರು ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದರು. ನನ್ನ ಕಡೆ ತಿರುಗಿದಾಗ ಬಾಯಿ ಒಂದು ಪಕ್ಕಕ್ಕೆ ಜೋತಿತ್ತು. ಏನೋ ಹೇಳಲು ಹೋದರು, ಮಾತು ಹೊರಡಲಿಲ್ಲ.

ಪಕ್ಕದ ಮನೆಯವರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೊರಟರು. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೆಂಪು ದೀಪ ಬಿದ್ದ ಕಡೆಯೆಲ್ಲ ಶಪಿಸಿದೆ. ನನಗೆ ನಿಜವಾಗಿಯೂ ಭಯವಾಗಿತ್ತು. ‘ಏನೂ ಆಗಲ್ಲ ಅತ್ತೆ, ಬಂದೇಬಿಟ್ವಿ’ ಅಂತ ಹೇಳುತ್ತಲೇ ಇದ್ದೆ. ದಾರಿಯುದ್ದಕ್ಕೂ ಅವರ ಎಡಗೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದೇ ಇತ್ತು.

ಎಮರ್ಜೆನ್ಸಿಯಲ್ಲಿ ಎಲ್ಲ ಬೇಗ ಬೇಗ ನಡೆಯಿತು. ಸ್ಟ್ರೆಚರಿನ ಮೇಲೆ ಮಲಗಿಸಿದರು, ಸೂಜಿ ಚುಚ್ಚಿದರು, ಸ್ಕ್ಯಾನಿಗೆ ಕರೆದೊಯ್ದರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅಲ್ಲಿದ್ದವರು, ‘ಕಿವಿ, ಕತ್ತಿನಲ್ಲಿ ಇರೋದೆಲ್ಲ ತೆಗೀರಿ ಮೇಡಂ, ಏನೂ ಇರಬಾರ್ದು’ ಅಂದರು. ವಾಲೆ ಬಿಚ್ಚಿದೆ. ಕರಡಿಗೆ ಬಿಚ್ಚಲು ಹೋದರೆ ಅತ್ತೆಯ ಮುಷ್ಟಿ ಬಿಗಿಯಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ‘ಒಂದು ನಿಮಿಷ ಅತ್ತೆ, ಆಚೆ ಬಂದ ತಕ್ಷಣ ಹಾಕ್ತೀನಿ’ ಅಂದೆ. ಅವರು ಕೈ ಸಡಿಲಿಸಿದರು. ನನ್ನ ಮಾತು ನಂಬಿ ಸಡಿಲಿಸಿದರು ಅಂತ ಈಗ ಅನ್ನಿಸುತ್ತದೆ. ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟುಕಟ್ಟಿ ಹೆಗಲ ಬ್ಯಾಗಿನ ತಳಕ್ಕೆ ಹಾಕಿದೆ.

ಸ್ಕ್ಯಾನ್ ಮುಗಿಯುವ ಹೊತ್ತಿಗೆ ನಾನು ಫೋನಿನಲ್ಲಿದ್ದೆ. ಇವರ ಕಾರ್ಖಾನೆಯಲ್ಲಿ ಪಾಳಿ ಮುಗಿಯುವವರೆಗೆ ಮೊಬೈಲು ಲಾಕರಿನಲ್ಲಿರಬೇಕು. ಗೇಟಿನ ನಂಬರು ನನ್ನ ಹತ್ತಿರ ಇರಲಿಲ್ಲ. ಸುಮ್ಮನೆ ರಿಂಗಾಗುತ್ತಿದ್ದ ಫೋನಿಗೆ ಮತ್ತೆ ಮತ್ತೆ ಮಾಡಿ, ಮೆಸೇಜು ಕಳಿಸುತ್ತಿದ್ದೆ. ಅಷ್ಟರಲ್ಲಿ ಡ್ಯೂಟಿ ಡಾಕ್ಟರು ಕರೆದರು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗಡೆ ಸ್ವಾಧೀನವಿಲ್ಲ, ಮಾತು ನಿಂತಿದೆ ಅಂದರು. ಅವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಮೂರು ಕಡೆ ಸಹಿ ಹಾಕುವುದರಲ್ಲಿ, ನನ್ನ ಆ ‘ಒಂದು ನಿಮಿಷ’ ತಲೆಯಿಂದ ಹಾರಿಹೋಯಿತು. ಲಿಂಗ ಕಟ್ಟಿಕೊಂಡು ಓಡಾಡಿದ ಕೊರಳಾಗಿದ್ದರೆ ನೆನಪಿರುತ್ತಿತ್ತೇನೋ. ನನ್ನ ಕೊರಳು ಬರಿದಾಗಿ ಎಷ್ಟೋ ವರ್ಷವಾಗಿತ್ತು.

ಪರದೆ ಎಳೆದ ಹಾಸಿಗೆಯ ಪಕ್ಕ ನನಗೊಂದು ಸ್ಟೂಲು ಕೊಟ್ಟರು. ಅತ್ತೆಗೆ ಎಚ್ಚರವಿತ್ತು. ಎಡಗೈಯನ್ನು ಎದೆಯ ಮೇಲೆ ಅತ್ತಿತ್ತ ಆಡಿಸುತ್ತಿದ್ದರು. ಎದೆನೋವಿರಬಹುದೆಂದು ನಾನೇ ಸಿಸ್ಟರನ್ನು ಕೂಗಿದೆ. ಅವರು ಬಂದು ಇನ್ನೊಂದು ಸಲ ಈಸಿಜಿ ತೆಗೆದರು. ಅದರಲ್ಲೇನೂ ಇರಲಿಲ್ಲ. ಆಮೇಲೆ ಅತ್ತೆ ಆ ಕೈಯನ್ನು ನನ್ನ ಕಡೆಗೆ ಚಾಚಿ ಅಂಗೈ ಬಿಡಿಸಿ ಹಿಡಿದರು. ತೀರ್ಥಕ್ಕೆ ಒಡ್ಡುವ ಹಾಗೆ ಸ್ವಲ್ಪ ಬಟ್ಟಲು ಮಾಡಿ ಹಿಡಿದಿದ್ದರು. ನಾನು ಅದರಲ್ಲಿ ನನ್ನ ಕೈಯಿಟ್ಟೆ. ಕೊಡವಿಬಿಟ್ಟರು. ಅವರ ಕನ್ನಡಕ ಇಟ್ಟೆ, ಅದನ್ನೂ ಕೊಡವಿದರು. ಮುಖ ಒರೆಸಲು ಬಟ್ಟೆ ಕೇಳುತ್ತಿದ್ದಾರೇನೋ ಅಂತ ಸೆರಗಿನ ತುದಿ ಕೊಟ್ಟರೆ ಅದನ್ನು ಎಳೆದು ಎಸೆದರು. ಮತ್ತೆ ಅದೇ ಅಂಗೈ ನನ್ನ ಗಲ್ಲದ ಕೆಳಗೆ. ದಿನಾ ಬೆಳಿಗ್ಗೆ ನಾನು ನೋಡುತ್ತಿದ್ದ ಅಂಗೈ ಅದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ನಾನು ಊರನ್ನೂ ಹುಡುಕಲಿಲ್ಲ. ಸುಮ್ಮನೆ ಸಿಡುಕಿದೆ.

ಡಾಕ್ಟರು ಒಂದು ಲೋಟ ನೀರು, ಚಮಚ ಹಿಡಿದುಕೊಂಡು ಬಂದರು. ಚಿಕ್ಕ ವಯಸ್ಸಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ‘ಮಾತ್ರೆ ಬಾಯಿಂದ್ಲೇ ಕೊಡ್ಬೇಕು ಆಂಟಿ. ನುಂಗೋಕಾಗುತ್ತಾ ಅಂತ ಮೊದ್ಲು ನೋಡ್ಬೇಕು. ನುಂಗೋಕಾಗ್ಲಿಲ್ಲ ಅಂದ್ರೆ ಮೂಗಿನಿಂದ ಟ್ಯೂಬ್ ಹಾಕ್ಬೇಕಾಗುತ್ತೆ’ ಅಂದು, ಹಾಸಿಗೆಯ ತಲೆಭಾಗವನ್ನು ಎತ್ತರಿಸಿದರು. ‘ಅಜ್ಜಿ, ಒಂದೇ ಒಂದು ಚಮಚ ನೀರು.’

ಅತ್ತೆಯ ತುಟಿ ಒಣಗಿ ಬಿರಿದಿತ್ತು. ಸಂಜೆಯಿಂದ ನೀರು ಕಂಡಿರಲಿಲ್ಲ. ಕಣ್ಣು ಲೋಟದ ಮೇಲೇ ಇತ್ತು. ಚಮಚ ಹತ್ತಿರ ಬಂದ ಕೂಡಲೇ ತುಟಿ ಮುಚ್ಚಿಕೊಂಡರು.

‘ನೀವೇ ಕೊಟ್ಟು ನೋಡಿ ಆಂಟಿ. ಮನೆಯವರ ಕೈಯಿಂದಾದ್ರೆ ಕುಡೀಬಹುದು’ ಅಂದು ಡಾಕ್ಟರು ಚಮಚವನ್ನು ನನಗೆ ಕೊಟ್ಟರು.

ನಾನು ಕೊಟ್ಟೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ನೀರು ಗಲ್ಲದ ಮೇಲೆ ಹರಿದು ಬರಿಗೊರಳಿಗೆ ಇಳಿಯಿತು. ಅದನ್ನು ನಾನೇ ಒರೆಸಿದೆ. ಆ ಬರಿಗೊರಳನ್ನು ನನ್ನ ಕೈಯಾರೆ ಒರೆಸಿಯೂ ನನಗೆ ತಲೆಗೆ ಹೋಗಲಿಲ್ಲ. ನನಗೆ ಕಂಡದ್ದು ಒಂದೇ: ನನ್ನ ಕೈಯಿಂದ ಕಾಫಿ ಬೇಡವಾಗಿತ್ತು, ಈಗ ನೀರೂ ಬೇಡವಾಗಿದೆ.

ಅಷ್ಟರಲ್ಲಿ ಆಚೆ ಯಾರೋ ಅಪಘಾತದವರನ್ನು ಕರೆತಂದರು. ‘ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ಟ್ರೈ ಮಾಡಿ’ ಅಂದು ಡಾಕ್ಟರು ಓಡಿದರು. ಪರದೆಯೊಳಗೆ ನಾವಿಬ್ಬರೇ ಉಳಿದೆವು. ನಾನು ಇನ್ನೊಂದು ಸಲ ಚಮಚ ತುಂಬಿದೆ. ‘ಬಾಯಿ ತೆಗೀರಿ’ ಅಂದೆ, ಮಕ್ಕಳಿಗೆ ಹೇಳುವ ದನಿಯಲ್ಲಿ. ಅವರು ತೆಗೆಯಲಿಲ್ಲ. ಎಡಗೈ ಮೇಲೆದ್ದು ಚಮಚಕ್ಕೆ ತಗುಲಿ, ನೀರೆಲ್ಲ ನನ್ನ ಮಡಿಲಿಗೆ ಚೆಲ್ಲಿತು. ಮತ್ತೆ ಆ ಅಂಗೈ ನನ್ನ ಮುಂದೆ ಬಂತು.

ನನಗೆ ತಡೆಯಲಾಗಲಿಲ್ಲ. ಭಯ, ದಣಿವು, ಒಂದು ವಾರದ ಮೌನ, ಎಲ್ಲ ಸೇರಿ ಬಾಯಿಗೆ ಬಂತು. ‘ಇಂಥಾ ಹೊತ್ನಲ್ಲೂ ನಿಮಗೆ ಹಠಾನೇ ಹೆಚ್ಚಾಯ್ತಾ? ನನ್ನ ಕೈ ನೀರು ಅಷ್ಟು ಅಸಹ್ಯಾನಾ? ಬೇಡ ಅಂದ್ರೆ ಬಾಯಾರ್ಕೊಂಡೇ ಬಿದ್ದಿರಿ. ನಂಗೇನು!’ ಅಂದೆ.

ಜೋರಾಗೇನೂ ಹೇಳಲಿಲ್ಲ. ಪಕ್ಕದ ಹಾಸಿಗೆಯವರಿಗೆ ಕೇಳಬಾರದೆಂದು ಬಗ್ಗಿ, ಅವರ ಕಿವಿಯ ಹತ್ತಿರವೇ ಹೇಳಿದೆ. ಬೈಯುವಾಗಲೂ ಮರ್ಯಾದೆಯ ಲೆಕ್ಕ ನನ್ನದು.

ಡಾಕ್ಟರು ವಾಪಸು ಬಂದಾಗ, ‘ಇಲ್ಲ ಮೇಡಂ, ನುಂಗ್ತಾ ಇಲ್ಲ’ ಅಂದೆ. ‘ಹಾಗಾದ್ರೆ ಟ್ಯೂಬ್ ಹಾಕ್ಬಿಡೋಣ’ ಅಂದರು. ಇಬ್ಬರು ಹಿಡಿದುಕೊಂಡರು, ಒಬ್ಬರು ಮೂಗಿನೊಳಗೆ ನಳಿಕೆ ಇಳಿಸಿದರು. ಅತ್ತೆಯ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ನಳಿಕೆ ಹೋದ ಮೇಲೂ ಎಡಗೈ ಸುಮ್ಮನಿರಲಿಲ್ಲ. ಎದೆಗೆ ಹೋಗುತ್ತಿತ್ತು, ನನ್ನ ಕಡೆ ಬರುತ್ತಿತ್ತು. ‘ಟ್ಯೂಬ್ ಕಿತ್ಕೊಂಡ್ಬಿಡ್ತಾರೆ ಆಂಟಿ, ಕೈ ಸ್ವಲ್ಪ ಕಟ್ಲಾ?’ ಅಂತ ಸಿಸ್ಟರ್ ಕೇಳಿದರು. ‘ಕಟ್ಟಿ’ ಅಂದೆ. ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಮೆತ್ತಗೆ ಕಟ್ಟಿದರು. ಇದ್ದದ್ದೊಂದು ಕೈ. ಅವರಿಗೆ ಉಳಿದಿದ್ದ ಮಾತೇ ಅದು.

ಆಮೇಲೆ ಅವರು ಏನೂ ಕೇಳಲಿಲ್ಲ. ಚಾವಣಿ ನೋಡುತ್ತಾ ಮಲಗಿದ್ದರು. ಅಂತೂ ಸಮಾಧಾನವಾದರು ಅಂದುಕೊಂಡೆ. ಆಚೆ ಹೋಗಿ ಮಿಷನ್ ಟೀ ತಂದುಕೊಂಡು ಅವರ ಎದುರೇ ಕೂತು ಕುಡಿದೆ. ಗಂಟಲು ಒಣಗಿತ್ತು, ಹಿತವಾಯಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಇವರು ಬಂದರು. ಪಾಳಿ ಮುಗಿಸಿ ಲಾಕರು ತೆಗೆದು ಮೊಬೈಲು ನೋಡಿದವರು ಯೂನಿಫಾರಮ್ಮಿನಲ್ಲೇ ಓಡಿಬಂದಿದ್ದರು. ‘ಅವ್ವಾ’ ಅಂತ ಬಗ್ಗಿದವರು ಹಾಗೇ ನಿಂತುಬಿಟ್ಟರು. ಮೂಗಿನ ನಳಿಕೆಯನ್ನಾಗಲಿ, ಕಟ್ಟಿದ ಕೈಯನ್ನಾಗಲಿ ಅವರು ಮೊದಲು ನೋಡಲಿಲ್ಲ.

‘ಅವ್ವನ ಲಿಂಗ ಎಲ್ಲಿ?’ ಅಂದರು.

ನನ್ನ ಕೈ ಬ್ಯಾಗಿಗೆ ಹೋಯಿತು. ರಾತ್ರಿಯೆಲ್ಲ ಆ ಬ್ಯಾಗು ನನ್ನ ಹೆಗಲಿನಿಂದ ಇಳಿದಿರಲಿಲ್ಲ. ತಳದಲ್ಲಿ ಕರ್ಚೀಫಿನ ಗಂಟು ಕೈಗೆ ಸಿಕ್ಕಿತು. ಬೆಳ್ಳಿ ತಣ್ಣಗಿತ್ತು. ಆಗ ಒಂದೇ ಸಲಕ್ಕೆ ಎಲ್ಲ ಅರ್ಥವಾಯಿತು: ಎದೆಯ ಮೇಲೆ ತಡಕುತ್ತಿದ್ದ ಕೈ, ಬಟ್ಟಲಾದ ಅಂಗೈ, ಮುಚ್ಚಿಕೊಂಡ ತುಟಿ. ಅವರು ನನ್ನ ಮೇಲೆ ಕೋಪ ಮಾಡಿಕೊಂಡಿರಲೇ ಇಲ್ಲ. ಕೊಡ್ತೀನಿ ಅಂದಿದ್ದನ್ನು ಕೊಡು ಅಂತ ಕೇಳುತ್ತಿದ್ದರು. ಅದು ಸಿಗದೆ ಬಾಯಾರಿಕೆಯನ್ನೂ ತಡೆದುಕೊಂಡಿದ್ದರು.

ಇವರು ಕೈ ತೊಳೆದುಕೊಂಡು ಬಂದು, ಕಟ್ಟು ಬಿಚ್ಚಿ, ಲಿಂಗವನ್ನು ಅವ್ವನ ಅಂಗೈಯಲ್ಲಿಟ್ಟರು. ಬೆರಳು ಮುಚ್ಚಿಕೊಂಡವು. ಅತ್ತೆ ಆ ಮುಷ್ಟಿಯನ್ನು ಕಷ್ಟಪಟ್ಟು ಹಣೆಗೆ ಒತ್ತಿಕೊಂಡರು. ಗಂಟಲಿನಿಂದ ಏನೋ ಶಬ್ದ ಬಂತು. ಆ ಶಬ್ದಕ್ಕೆ ಇವರು ಅತ್ತರು. ನಾನು ಅಳಲಿಲ್ಲ; ಅಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಬೆಳಗಿನ ರೌಂಡ್ಸಿಗೆ ಹಿರಿಯ ಡಾಕ್ಟರು ಬಂದರು. ನೀರಿನ ಚಮಚ ಮತ್ತೆ ಬಂತು. ಮಗನ ಕೈಯಿಂದ ಅತ್ತೆ ಒಂದು ಚಮಚ ಕುಡಿದರು, ಇನ್ನೊಂದು, ಮತ್ತೊಂದು. ಒಂದು ಸಲವೂ ಕೆಮ್ಮಲಿಲ್ಲ. ‘ಚೆನ್ನಾಗಿ ನುಂಗ್ತಿದ್ದಾರಲ್ಲ! ರಾತ್ರಿ ಗಾಬರೀಲಿ ಸಹಕರಿಸಿಲ್ಲ ಅಷ್ಟೇ. ನಾಳೆ ಟ್ಯೂಬ್ ತೆಗೆದುಬಿಡೋಣ’ ಅಂದರು. ಆಮೇಲೆ ನನ್ನ ಮುಖ ನೋಡಿ ಧೈರ್ಯ ಹೇಳಬೇಕು ಅನ್ನಿಸಿರಬೇಕು. ‘ಮಾತು ಬರೋದು ಕಷ್ಟಾನೇ. ಆದ್ರೆ ಯೋಚನೆ ಮಾಡ್ಬೇಡಿ, ಬೇರೆಯವರು ಆಡೋ ಮಾತು ಅವರಿಗೆ ಪೂರ್ತಿ ಅರ್ಥ ಆಗುತ್ತೆ. ರಾತ್ರಿಯಿಂದ್ಲೂ ಆಗಿದೆ. ಹತ್ತಿರ ಕೂತ್ಕೊಂಡು ಚೆನ್ನಾಗಿ ಮಾತಾಡಿಸಿ’ ಅಂದರು.

ಇವರು ಸಂತೋಷದಿಂದ ನನ್ನ ಕಡೆ ತಿರುಗಿದರು. ‘ಕೇಳಿದ್ಯಾ? ಅವ್ವಂಗೆ ಎಲ್ಲಾ ಅರ್ಥ ಆಗ್ತದಂತೆ’ ಅಂದರು. ನಾನು ತಲೆಯಾಡಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಲಿಂಗವನ್ನು ಬ್ಯಾಗಿನಲ್ಲಿಟ್ಟು ಮರೆತದ್ದನ್ನು ಇವರಿಗೆ ಹೇಳಿದೆ. ಇವರು ಬೈಯಲಿಲ್ಲ. ‘ಆ ಗಡಿಬಿಡೀಲಿ ಯಾರಿಗಾದ್ರೂ ಮರೀತದೆ ಬುಡು’ ಅಂದರು. ಮರೆವನ್ನು ಕ್ಷಮಿಸುವುದು ಸುಲಭ. ಕಿವಿಯಲ್ಲಿ ಹೇಳಿದ್ದನ್ನು ಮಾತ್ರ ಇವರಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಲು ಅತ್ತೆಗೆ ಬಾಯಿರಲಿಲ್ಲ, ನನಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಕೋಲು ಹಿಡಿದು ಅಡಿಗೆಮನೆಯವರೆಗೆ ನಡೆಯುವಷ್ಟಾದರು. ಪೂಜೆಗೆ ನಾನೇ ನೀರು, ಹೂವು, ವಿಭೂತಿ ಒದಗಿಸುತ್ತಿದ್ದೆ. ಮುಗಿಯುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಕಾಫಿ ಆಮೇಲೇ ಕಾಯಿಸುತ್ತಿದ್ದೆ. ನನ್ನ ಕೈಯಿಂದಲೇ ಕುಡಿಯುತ್ತಿದ್ದರು. ಒಂದು ದಿನವಾದರೂ ಮುಖ ತಿರುಗಿಸಿದ್ದರೆ ನನ್ನ ಮನಸ್ಸು ಎಷ್ಟೋ ಹಗುರಾಗುತ್ತಿತ್ತು. ಅವರು ತಿರುಗಿಸಲಿಲ್ಲ. ಮಾತಿನಲ್ಲಿ ಒಂದೇ ಒಂದು ಅಕ್ಷರ ವಾಪಸು ಬಂದಿತ್ತು: ‘ಹೂಂ’. ಬೇಕು ಅನ್ನುವುದಕ್ಕೂ ಹೂಂ, ಸಾಕು ಅನ್ನುವುದಕ್ಕೂ ಹೂಂ. ಊಟತಿಂಡಿಯ ವಿಷಯವಾದರೆ ಎಡಗೈಯಿಂದ ತಟ್ಟೆಯನ್ನು ಎಳೆದುಕೊಂಡೋ ತಳ್ಳಿಯೋ ತಿಳಿಸುತ್ತಿದ್ದರು. ಬೇರೆ ಯಾವುದೇ ವಿಷಯದಲ್ಲಿ ಅವರ ಮನಸ್ಸು ಏನೆಂದು ತಿಳಿಯುವುದು ನಮ್ಮ ಕೈಲಾಗುತ್ತಿರಲಿಲ್ಲ.

ಅವರು ಲಿಂಗೈಕ್ಯರಾಗುವುದಕ್ಕೆ ಕೆಲವು ವಾರ ಮುಂಚೆ, ಇವರು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಅವರ ಮಂಚದ ಪಕ್ಕ ನೆಲದ ಮೇಲೆ ಕೂತೆ. ಕೇಳಲೇಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

‘ಅತ್ತೆ, ಅವತ್ತು ಆಸ್ಪತ್ರೇಲಿ ನಿಮ್ಮ ಕಿವೀಲಿ ನಾನಂದಿದ್ದು ನಿಮಗೆ ನೆನಪಿದೆಯಾ?’

‘ಹೂಂ’ ಅಂದರು.

‘ನನ್ನದು ತಪ್ಪಾಯ್ತು ಅತ್ತೆ. ನನ್ನನ್ನ ಕ್ಷಮಿಸಿದ್ದೀರಾ?’

‘ಹೂಂ.’

ಅಷ್ಟಕ್ಕೇ ಎದ್ದುಬಿಡಬೇಕಿತ್ತು. ಆದರೆ ಲೆಕ್ಕ ಹೇಳಿಕೊಡುವವಳ ಬುದ್ಧಿ, ಉತ್ತರ ಬಂದ ಮೇಲೆ ತಾಳೆ ನೋಡದೆ ಬಿಡುವುದಿಲ್ಲ. ‘ಇಲ್ವಾ ಅತ್ತೆ? ಕ್ಷಮಿಸಿಲ್ವಾ?’ ಅಂತಲೂ ಕೇಳಿದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಾ ಅದಕ್ಕೂ ‘ಹೂಂ’ ಅಂದರು.